ಎಲ್ಲದರಲ್ಲೂ ಫಸ್ಟ್, ಆದರೂ ಕಾಲೇಜು 'ಇಲ್ಲ' ಅಂದಿತು: ಮಾರ್ಚ್ ಕೊನೆಯಿಂದ ಮೇ 1ರವರೆಗೆ ಏನು ಮಾಡಬೇಕು?

ಪ್ರತಿ ವರ್ಷ ಮಾರ್ಚ್ ಕೊನೆಯ ವಾರ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರಲು ಶುರುವಾಗುತ್ತವೆ. ಕಳಿಸುವವರು ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರು, ಇಲ್ಲವೇ ಭಾರತದಿಂದ ಅಲ್ಲಿನ ಕಾಲೇಜುಗಳಿಗೆ ಅರ್ಜಿ ಹಾಕಿದ ಮಕ್ಕಳು. "ಎಸ್‌ಎಟಿಯಲ್ಲಿ 1560 ಇದೆ. ಹತ್ತು ಎಪಿ ಕೋರ್ಸು. ಹೈಸ್ಕೂಲಿಗೇ ಮೊದಲು. ಹನ್ನೊಂದು ಕಾಲೇಜಿಗೆ ಹಾಕಿದ್ದೆವು. ಏಳು ಕಡೆ ಇಲ್ಲ, ಎರಡು ಕಡೆ ವೇಟ್‌ಲಿಸ್ಟ್. ಎಲ್ಲಿ ತಪ್ಪಾಯ್ತು? ಈಗ ಏನು ಮಾಡೋದು?"

ಇದರಲ್ಲಿ ಮೊದಲ ಪ್ರಶ್ನೆಗೆ ಬಹುತೇಕ ಯಾವತ್ತೂ ಉತ್ತರ ಸಿಗುವುದಿಲ್ಲ. ಎರಡನೆಯದಕ್ಕೆ ಉತ್ತರ ಇದೆ, ಅದಕ್ಕೊಂದು ಕೊನೆಯ ತಾರೀಕೂ ಇದೆ: ಮೇ 1, ಅಂದರೆ ಬಾ ಅಂದ ಕಾಲೇಜುಗಳಲ್ಲಿ ಒಂದನ್ನು ಆರಿಸಿ, ಸೀಟು ಕಾಯ್ದಿರಿಸಲು ಡಿಪಾಸಿಟ್ ಕಟ್ಟುವ ದಿನ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಇಡೀ ಏಪ್ರಿಲ್ ಮುಚ್ಚಿದ ಬಾಗಿಲು ತಟ್ಟುವುದರಲ್ಲೇ ಹೋಗುತ್ತದೆ. ಬಾ ಅಂದ ಕಾಲೇಜುಗಳಲ್ಲಿ ಯಾವುದು ಅನ್ನೋದನ್ನು ಏಪ್ರಿಲ್ 30ರ ರಾತ್ರಿ ಅರ್ಧ ಗಂಟೆಯಲ್ಲಿ ತೀರ್ಮಾನಿಸುತ್ತಾರೆ. ಇದು ತಿರುಗುಮುರುಗಾಗಬೇಕು. ಅದಕ್ಕೇ ಈ ಲೇಖನ.

ಮೊದಲು ಕೆಲವು ಪದ ತಿಳಿದುಕೊಂಡುಬಿಡಿ. ಎಸ್‌ಎಟಿ ಅನ್ನೋದು ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆ, ಒಟ್ಟು 1600 ಅಂಕ. ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ರಿಜೆಕ್ಟ್ ಅಂದರೆ ಈ ವರ್ಷಕ್ಕೆ ಮುಗಿಯಿತು ಅಂತ. ಡಿಫರ್ ಅನ್ನೋದು ನವೆಂಬರಿನ ಸುಮಾರಿಗೆ ಬೇಗ ಅರ್ಜಿ ಹಾಕಿದವರಿಗೆ ಡಿಸೆಂಬರಿನಲ್ಲಿ ಬರುವ ಉತ್ತರ: ಈಗ ಹೌದೂ ಅಲ್ಲ, ಇಲ್ಲವೂ ಅಲ್ಲ, ಉಳಿದವರ ಜೊತೆ ಇನ್ನೊಮ್ಮೆ ನೋಡುತ್ತೇವೆ ಅಂತ. ವೇಟ್‌ಲಿಸ್ಟ್ ಅಂದರೆ ಸೀಟು ಉಳಿದರೆ ಕರೆಯುತ್ತೇವೆ ಅಂತ. ರೈಲಿನ ವೇಟಿಂಗ್ ಲಿಸ್ಟಿನ ಹಾಗೆ ಇಲ್ಲಿ ನಂಬರು ಇರುವುದು ಅಪರೂಪ. ಹೆಚ್ಚಿನ ಕಡೆ ಅದು ಸಾಲಲ್ಲ, ಒಂದು ರಾಶಿ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು: ಫಲಿತಾಂಶ ನೋಡುವ ಎಲ್ಲ ಕಾಲೇಜು ಪೋರ್ಟಲ್‌ಗಳ ಪಾಸ್‌ವರ್ಡು, ಬಾ ಅಂದ ಕಾಲೇಜುಗಳ ಪತ್ರ, ಅವರು ಕಳಿಸಿದ ಹಣಕಾಸಿನ ನೆರವಿನ ಪತ್ರ, ಗೋಡೆಗೊಂದು ಕ್ಯಾಲೆಂಡರು, ಮತ್ತೆ ಮಗುವಿನ ಸ್ಕೂಲ್ ಕೌನ್ಸೆಲರ್‌ನ ಇಮೇಲ್.

1. ಮೊದಲ ಎರಡು ದಿನ ಏನೂ ಮಾಡಬೇಡಿ

ಐವಿ ಲೀಗ್ ಅಂದರೆ ಹಾರ್ವರ್ಡ್, ಯೇಲ್ ಥರದ ಎಂಟು ಹಳೇ ಹೆಸರಾಂತ ಖಾಸಗಿ ಕಾಲೇಜುಗಳ ಗುಂಪು. ಆ ಎಂಟೂ ಕಾಲೇಜುಗಳ ಫಲಿತಾಂಶ ಮಾರ್ಚ್ ಕೊನೆಯಲ್ಲಿ ಒಂದೇ ಸಂಜೆ ಹೊರಬೀಳುತ್ತದೆ. ಎಂಐಟಿಯದ್ದು ಸಾಮಾನ್ಯವಾಗಿ ಅದಕ್ಕೂ ಮೊದಲು, ಮಾರ್ಚ್ 14ರ ಹೊತ್ತಿಗೆ. ಹಾಗಾಗಿ ಒಂದು ಮಗು ಒಂದೇ ಗಂಟೆಯಲ್ಲಿ ನಾಲ್ಕೈದು ಪೋರ್ಟಲ್ ತೆರೆದು ನಾಲ್ಕೈದು 'ಇಲ್ಲ' ಓದುವುದುಂಟು. ಒಂದನೇ ಕ್ಲಾಸಿನಿಂದ ಈ ಮಕ್ಕಳಿಗೆ ಓದಿದ್ದಕ್ಕೆ ತಕ್ಕ ಅಂಕ ಬಂದಿದೆ. ಮಾಡಿದ್ದಕ್ಕೂ ಸಿಕ್ಕಿದ್ದಕ್ಕೂ ತಾಳೆಯಾಗದೇ ಇದ್ದದ್ದು ಇದೇ ಮೊದಲು.

ಅಳಲಿ. ರೂಮಿನ ಬಾಗಿಲು ಹಾಕಿಕೊಳ್ಳಲಿ. ಊಟಕ್ಕೆ ಕರೆಯಿರಿ, ಅಷ್ಟು ಸಾಕು.

ಈ ಎರಡು ದಿನ ಹೆಚ್ಚು ಹಾಳು ಮಾಡುವುದು ನಮ್ಮ ಬಾಯಿ. "ಹೋಗ್ಲಿ ಬಿಡು, ಎಲ್ಲಾ ಒಳ್ಳೇದಕ್ಕೇ" ಅನ್ನೋದು ಹೇಳುವವರಿಗೆ ಸಮಾಧಾನ, ಕೇಳುವವರಿಗಲ್ಲ. "ನಾನು ಅವತ್ತೇ ಹೇಳಿದ್ದೆ, ಆ ಎಸ್ಸೇ ಬದಲಿಸು ಅಂತ" ಅನ್ನೋ ಮಾತು ಹತ್ತು ವರ್ಷ ಆದ ಮೇಲೂ ಮಗುವಿಗೆ ನೆನಪಿರುತ್ತದೆ. "ಅವರ ಮಗನಿಗೆ ಹೇಗೆ ಸಿಕ್ತು?" ಅಂತ ಅಪ್ಪಿತಪ್ಪಿಯೂ ಕೇಳಬೇಡಿ. ಏನು ಹೇಳಬೇಕೋ ಗೊತ್ತಾಗದಿದ್ದರೆ "ನಂಗೂ ಬೇಜಾರಾಗಿದೆ" ಅನ್ನಿ. ಅದು ನಿಜ ತಾನೇ.

ನೆಂಟರಿಗೆ, ಸ್ನೇಹಿತರಿಗೆ ಏನು ಹೇಳಬೇಕು ಅನ್ನೋದನ್ನು ಮಗುವಿನ ಜೊತೆ ಕೂತು ಒಂದೇ ವಾಕ್ಯದಲ್ಲಿ ತೀರ್ಮಾನಿಸಿ. "ಇನ್ನೂ ನೋಡ್ತಾ ಇದೀವಿ, ಮೇ ತಿಂಗಳಲ್ಲಿ ಹೇಳ್ತೀವಿ." ಮನೆಯ ಎಲ್ಲರದ್ದೂ ಇದೇ ಉತ್ತರ ಆಗಿರಲಿ. ಮಗುವನ್ನು ಕೇಳದೆ ಯಾವ ವಾಟ್ಸಾಪ್ ಗುಂಪಿಗೂ ಏನನ್ನೂ ಹಾಕಬೇಡಿ, ಸಿಕ್ಕಿದ ಕಾಲೇಜಿನ ಸುದ್ದಿಯನ್ನೂ.

ಎಚ್ಚರ: ಅವತ್ತೇ ರಾತ್ರಿ ಅಡ್ಮಿಶನ್ ಆಫೀಸಿಗೆ ಸಿಟ್ಟಿನ ಇಮೇಲ್ ಕಳಿಸುವವರಿದ್ದಾರೆ. ಅದೇ ಕಾಲೇಜಿನ ಬಾಗಿಲನ್ನು ಮುಂದೆ ಟ್ರಾನ್ಸ್‌ಫರ್‌ಗೋ ಎಂಎಸ್‌ಗೋ ಮತ್ತೆ ತಟ್ಟಬೇಕಾಗಬಹುದು.

ಇನ್ನೊಂದು, ಇದು ಮುಖ್ಯ. ಬೇಜಾರು ದಿನದಿಂದ ದಿನಕ್ಕೆ ಇಳಿಯಬೇಕು. ಎರಡು ವಾರವಾದರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಸ್ಕೂಲಿಗೆ ಹೋಗುತ್ತಿಲ್ಲ ಅಂದರೆ ಡಾಕ್ಟರನ್ನು ನೋಡಿ. "ನಾನಿದ್ದು ಏನು ಪ್ರಯೋಜನ" ಎನ್ನುವ ಥರದ ಮಾತು ಬಂದರೆ ಎರಡು ವಾರ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಸಹಾಯ ಕೇಳಿ. ಅಮೆರಿಕದಲ್ಲಿ 988ಕ್ಕೆ ಫೋನ್ ಮಾಡಬಹುದು, ಮೆಸೇಜೂ ಕಳಿಸಬಹುದು. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416. ಎರಡೂ ಇಪ್ಪತ್ನಾಲ್ಕು ಗಂಟೆ, ಎರಡೂ ಉಚಿತ.

2. 'ಯಾಕೆ?' ಅನ್ನೋದನ್ನು ಒಂದು ಸಲ ಲೆಕ್ಕ ಹಾಕಿ, ಅಲ್ಲಿಗೆ ಬಿಡಿ

2024ರ ಪ್ರವೇಶಕ್ಕೆ ಹಾರ್ವರ್ಡಿಗೆ 54,008 ಅರ್ಜಿ ಬಂದವು. ಅವರು ಕರೆದದ್ದು 1,937 ಜನರನ್ನು. ನೂರಕ್ಕೆ ನಾಲ್ಕೂ ಆಗಲಿಲ್ಲ. ಐವಿ ಲೀಗಿನ ಎಂಟೂ ಕಾಲೇಜು ಸೇರಿಸಿದರೆ ಮೊದಲ ವರ್ಷದ ಸೀಟು ಸುಮಾರು 15 ಸಾವಿರ. ಅಮೆರಿಕದಲ್ಲಿ ಹೈಸ್ಕೂಲುಗಳೇ 20 ಸಾವಿರಕ್ಕೂ ಜಾಸ್ತಿ ಇವೆ. ಅಂದರೆ ಪ್ರತಿ ಸ್ಕೂಲಿನ ಮೊದಲ ಸ್ಥಾನದವರು ಮಾತ್ರ ಬಂದರೂ ಎಲ್ಲರಿಗೂ ಜಾಗ ಸಾಲದು. ಹೊರದೇಶದವರನ್ನು ಇನ್ನೂ ಎಣಿಸಿಲ್ಲ.

ಮೇಲಾಗಿ ಇದು ರ‍್ಯಾಂಕ್ ಪಟ್ಟಿಯಲ್ಲ. ಇಂಥ ಕಾಲೇಜುಗಳು ಮಾಡುವುದು ಹೋಲಿಸ್ಟಿಕ್ ರಿವ್ಯೂ. ಅಂಕ, ಎಸ್ಸೇ, ಶಿಕ್ಷಕರ ಪತ್ರ, ಹಿನ್ನೆಲೆ ಎಲ್ಲವನ್ನೂ ಒಟ್ಟಿಗೆ ನೋಡಿ ಒಂದು ತಂಡ ಕಟ್ಟುವುದು. ಕೆಲವು ಕಡೆ ಇಬ್ಬರು ಅಕ್ಕಪಕ್ಕ ಕೂತು ಒಂದು ಫೈಲನ್ನು ಹತ್ತು ನಿಮಿಷದೊಳಗೆ ಮುಗಿಸುತ್ತಾರೆ. ಅದರ ಮೇಲೆ ಕಾಲೇಜಿನ ಸ್ವಂತ ಬೇಕುಗಳು: ಕ್ರೀಡಾ ತಂಡಕ್ಕೆ ಇಷ್ಟು ಜನ, ಇಂಥ ರಾಜ್ಯದಿಂದ ಇಷ್ಟು, ಹಳೇ ವಿದ್ಯಾರ್ಥಿಗಳ ಮಕ್ಕಳು, ದೊಡ್ಡ ದೇಣಿಗೆ ಕೊಟ್ಟವರ ಮಕ್ಕಳು. 2023ರಲ್ಲಿ ರಾಜ್ ಚೆಟ್ಟಿ ಮತ್ತು ಜೊತೆಗಾರ ಅರ್ಥಶಾಸ್ತ್ರಜ್ಞರು ತೋರಿಸಿದ್ದು ಇದನ್ನೇ. ಪರೀಕ್ಷೆಯ ಅಂಕ ಒಂದೇ ಇದ್ದರೂ, ಅತಿ ಶ್ರೀಮಂತ ಶೇಕಡಾ 1ರ ಮನೆಯ ಮಕ್ಕಳು ಇಂಥ ಕಾಲೇಜು ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳ ಎರಡು ಪಟ್ಟಿಗಿಂತ ಜಾಸ್ತಿ.

ಭಾರತದಿಂದ ಅರ್ಜಿ ಹಾಕಿದವರಿಗೆ ಇನ್ನೊಂದು ಜರಡಿ ಇದೆ. ನೀಡ್ ಬ್ಲೈಂಡ್ ಅಂದರೆ ನಿಮಗೆ ಹಣದ ನೆರವು ಬೇಕೋ ಬೇಡವೋ ಅನ್ನೋದನ್ನು ನೋಡದೇ ತೀರ್ಮಾನಿಸುವುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್ ಥರದ ಕೆಲವೇ ಕಾಲೇಜುಗಳು ಹೊರದೇಶದವರಿಗೂ ಹೀಗೆ ಮಾಡುತ್ತವೆ. ಉಳಿದ ಹೆಚ್ಚಿನ ಕಾಲೇಜುಗಳು ನೀಡ್ ಅವೇರ್. ನೆರವು ಕೇಳಿದರೆ ಅದೂ ತಕ್ಕಡಿಗೆ ಬೀಳುತ್ತದೆ. ಅಂಥ ಕಡೆ ಬಂದ 'ಇಲ್ಲ' ಮಗುವಿನ ಬುದ್ಧಿಯ ಮೇಲಿನ ತೀರ್ಪು ಆಗಿರಬೇಕಿಲ್ಲ, ಆ ವರ್ಷದ ಬಜೆಟ್ಟಿನ ಲೆಕ್ಕ ಇರಬಹುದು.

"ಏಷ್ಯಾದವರು ಅಂತ ತೆಗೆದರಾ?" ಈ ಪ್ರಶ್ನೆ ಬಂದೇ ಬರುತ್ತದೆ. ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಗಳ ಪ್ರಕರಣಗಳಲ್ಲಿ ತಳ್ಳಿಹಾಕಿತು. ಆಮೇಲೂ ಚರ್ಚೆ ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ಈ ಏಪ್ರಿಲ್‌ನಲ್ಲಿ, ಊಟದ ಟೇಬಲ್ಲಿನಲ್ಲಿ ಬೇಡ. ಮಗುವಿನ ಕಿವಿಗೆ ಬೀಳುವುದು "ನಾನು ಹುಟ್ಟಿದ್ದೇ ತಪ್ಪು" ಅಂತ.

ಕಲಿಯುವುದು ಏನಾದರೂ ಇದ್ದರೆ ಒಂದೇ ಇದೆ. ಹಾಕಿದ ಹನ್ನೊಂದರಲ್ಲಿ ನೂರಕ್ಕೆ ಹತ್ತು ಜನರನ್ನೂ ತೆಗೆದುಕೊಳ್ಳದ ಕಾಲೇಜು ಎಷ್ಟು ಅಂತ ಎಣಿಸಿ. ಒಂಬತ್ತು ಬಂತಾ? ಹಾಗಾದರೆ ತಪ್ಪಿದ್ದು ಪಟ್ಟಿ, ಮಗು ಅಲ್ಲ. ತಂಗಿಯೋ ತಮ್ಮನೋ ಇದ್ದರೆ ಬರೆದಿಟ್ಟುಕೊಳ್ಳಿ, ಪುಸ್ತಕ ಮುಚ್ಚಿ.

3. ಅಪೀಲು: ಹೆಚ್ಚಿನವರಿಗೆ ಇದು ದಾರಿಯಲ್ಲ

ಬಹುತೇಕ ಖಾಸಗಿ ಕಾಲೇಜುಗಳು ಅಪೀಲು ಕೇಳುವುದೇ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿ) ಕ್ಯಾಂಪಸ್ಸುಗಳು ಕೇಳುತ್ತವೆ, ಆದರೆ ಅರ್ಜಿಯಲ್ಲಿ ಇರದಿದ್ದ ಗಟ್ಟಿ ಹೊಸ ವಿಷಯ ಬೇಕು. ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಸ್ಕೂಲಿನ ಅಂಕಪಟ್ಟಿಯಲ್ಲಿ, ಗ್ರೇಡ್ ತಪ್ಪಾಗಿ ದಾಖಲಾಗಿತ್ತು ಎನ್ನುವಂಥದ್ದು. "ನನಗಿಂತ ಕಡಿಮೆ ಇರುವವರಿಗೆ ಸಿಕ್ಕಿದೆ" ಅನ್ನೋದು ಹೊಸ ವಿಷಯವಲ್ಲ. ಒಂದೇ ಅವಕಾಶ, ಸಮಯ ಕಮ್ಮಿ, ಕೊನೆಯ ತಾರೀಕು ಆಯಾ ಕ್ಯಾಂಪಸ್ಸಿನ ಪುಟದಲ್ಲಿರುತ್ತದೆ. ಅಂಥ ಕಾರಣ ಇಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಿ.

4. ವೇಟ್‌ಲಿಸ್ಟ್: ಒಂದು ವಾರಾಂತ್ಯ ಕೊಡಿ, ಒಂದು ತಿಂಗಳಲ್ಲ

ಮೊದಲು ಸಾಧ್ಯತೆ ಎಷ್ಟು ಅಂತ ನೋಡಿ. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಎಂಬ ದಾಖಲೆ ಹೊರತರುತ್ತವೆ. ಎಲ್ಲರೂ ಒಂದೇ ನಮೂನೆಯಲ್ಲಿ ತುಂಬುವ ಅಂಕಿಅಂಶದ ಫಾರಂ ಅದು. ಕಾಲೇಜಿನ ಹೆಸರಿನ ಜೊತೆ ಈ ಪದ ಹಾಕಿ ಹುಡುಕಿದರೆ ಸಿಗುತ್ತದೆ. ಅದರಲ್ಲಿ ಸಿ2 ಭಾಗಕ್ಕೆ ಹೋಗಿ. ಮೂರು ಸಂಖ್ಯೆ ಇರುತ್ತವೆ: ಎಷ್ಟು ಜನರನ್ನು ವೇಟ್‌ಲಿಸ್ಟಿಗೆ ಹಾಕಿದರು, ಎಷ್ಟು ಜನ ಒಪ್ಪಿ ಉಳಿದರು, ಕೊನೆಗೆ ಎಷ್ಟು ಜನರನ್ನು ಕರೆದರು. ಒಂದು ವರ್ಷದ್ದು ನೋಡಿ ಲೆಕ್ಕ ಹಾಕಬೇಡಿ, ಕೊನೇಪಕ್ಷ ಮೂರು ವರ್ಷದ್ದು ನೋಡಿ. ಒಂದು ವರ್ಷ ನೂರಾರು ಜನರನ್ನು ಕರೆದ ಕಾಲೇಜು ಮರುವರ್ಷ ಒಬ್ಬರನ್ನೂ ಕರೆಯದೇ ಇರಬಹುದು. ಮೊದಲು ಸೀಟು ಸಿಕ್ಕವರಲ್ಲಿ ಎಷ್ಟು ಜನ ಸೇರುತ್ತಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಮಗುವಿನ ಕೈಯಲ್ಲಿ ಹೆಚ್ಚೇನೂ ಇಲ್ಲ.

ಉಳಿಯಬೇಕು ಅನ್ನಿಸಿದರೆ ಪೋರ್ಟಲಿನಲ್ಲಿ ಹೋಗಿ 'ಹೌದು' ಒತ್ತಬೇಕು. ತಾನಾಗಿ ಆಗುವುದಿಲ್ಲ. ಇದನ್ನು ಮರೆತು ಅವಕಾಶ ಕಳೆದುಕೊಂಡವರು ನನಗೇ ಗೊತ್ತು.

ಆಮೇಲೆ ಪತ್ರ. ಇದನ್ನು ಕಂಟಿನ್ಯೂಡ್ ಇಂಟರೆಸ್ಟ್ ಲೆಟರ್ ಅನ್ನುತ್ತಾರೆ, ಅಂದರೆ ನನಗೆ ಈಗಲೂ ಆಸಕ್ತಿ ಇದೆ ಅಂತ ತಿಳಿಸುವ ಕಾಗದ. ಕೆಲವು ಕಾಲೇಜುಗಳು ಕಳಿಸಬೇಡಿ ಅಂತಲೇ ಹೇಳಿರುತ್ತವೆ. ಆಗ ಕಳಿಸಬೇಡಿ. ಕೇಳಿದ್ದರೆ ಒಂದು ಪುಟ ಮೀರಬಾರದು. ಹೆಚ್ಚಿನ ಮಕ್ಕಳು ಮೊದಲ ಸಲ ಬರೆಯುವುದು ಹೀಗೆ:

"ನಿಮ್ಮ ಕಾಲೇಜು ಚಿಕ್ಕಂದಿನಿಂದ ನನ್ನ ಕನಸು. ಅಲ್ಲಿನ ಪ್ರಸಿದ್ಧ ಪ್ರೊಫೆಸರುಗಳು, ಚೆಂದದ ಕ್ಯಾಂಪಸ್ಸು ನನ್ನನ್ನು ಸೆಳೆದಿವೆ. ಅವಕಾಶ ಕೊಟ್ಟರೆ ತುಂಬಾ ಕಷ್ಟಪಟ್ಟು ಓದುತ್ತೇನೆ."

ಕಾಲೇಜಿನ ಹೆಸರು ಬದಲಿಸಿದರೆ ಇದೇ ಪತ್ರ ಇನ್ನೂರು ಕಾಲೇಜಿಗೆ ಹೋಗುತ್ತದೆ. ಇದನ್ನು ಓದಿ ಯಾರಿಗೂ ಏನೂ ಹೊಸದಾಗಿ ತಿಳಿಯುವುದಿಲ್ಲ. ಇನ್ನೊಂದು ನೋಡಿ:

"ಅರ್ಜಿಯಲ್ಲಿ ಬರೆದಿದ್ದ ಹಳ್ಳದ ನೀರಿನ ಪರೀಕ್ಷೆ ಆಗ ಮೂರು ಜಾಗದಲ್ಲಿ ನಡೀತಿತ್ತು, ಈಗ ಏಳು ಜಾಗದಲ್ಲಿ. ಮಾರ್ಚ್‌ನಲ್ಲಿ ಒಂದು ಕಡೆ ನೈಟ್ರೇಟ್ ಜಾಸ್ತಿ ಕಂಡಿತು. ಆ ಅಂಕಿಗಳನ್ನು ಸಿಟಿ ಕೌನ್ಸಿಲ್ ಸಭೆಯಲ್ಲಿ ಇಟ್ಟೆ. ಮೊದಲ ಸೆಮಿಸ್ಟರಿನ ಕೆಮಿಸ್ಟ್ರಿಯಲ್ಲಿ ಎ ಬಂದಿದೆ, ಟ್ರಾನ್ಸ್‌ಕ್ರಿಪ್ಟ್ ಕೌನ್ಸೆಲರ್ ಕಳಿಸುತ್ತಾರೆ. ಸೀಟು ಸಿಕ್ಕರೆ ಖಂಡಿತ ಸೇರುತ್ತೇನೆ."

ದೊಡ್ಡ ಸಾಧನೆ ಏನಲ್ಲ. ಆದರೆ ಜನವರಿಯಿಂದ ಈಚೆಗೆ ಏನಾಯ್ತು ಅನ್ನೋದು ಗೊತ್ತಾಗುತ್ತದೆ. ಕೊನೆಯ ಸಾಲನ್ನು ಒಂದೇ ಒಂದು ಕಾಲೇಜಿಗೆ ಬರೆಯಿರಿ, ಅದೂ ನಿಜವಾಗಿದ್ದರೆ, ದುಡ್ಡಿನ ಲೆಕ್ಕ ಕೂಡಿ ಬಂದರೆ ಮಾತ್ರ. ಬರೆಯಬೇಕಾದವರು ಮಕ್ಕಳು. ಅಪ್ಪ ಆಫೀಸಿಗೆ ಫೋನ್ ಮಾಡುವುದು, ಅಮ್ಮ ಮಗಳ ಹೆಸರಿನಲ್ಲಿ ಇಮೇಲ್ ಬರೆಯುವುದು ಬೇಡ. ಓದುವವರಿಗೆ ಎರಡು ಸಾಲಿನಲ್ಲೇ ಗೊತ್ತಾಗುತ್ತದೆ.

ಎಚ್ಚರ: "ವೇಟ್‌ಲಿಸ್ಟಿನಿಂದ ಒಳಗೆ ಹಾಕಿಸ್ತೀನಿ, ನನಗೆ ಗೊತ್ತಿರೋರು ಇದ್ದಾರೆ" ಅನ್ನುವ ಕನ್ಸಲ್ಟೆಂಟ್ ಸಿಕ್ಕರೆ ಫೋನ್ ಇಟ್ಟುಬಿಡಿ. 2019ರಲ್ಲಿ ಬಯಲಾದ ಪ್ರವೇಶ ಹಗರಣದಲ್ಲಿ ಇದ್ದದ್ದೂ ಹೀಗೆ ಪಕ್ಕದ ಬಾಗಿಲು ತೋರಿಸಿದ ಕನ್ಸಲ್ಟೆಂಟೇ. ಅದನ್ನು ನಡೆಸಿದ ವಿಲಿಯಂ ಸಿಂಗರ್‌ಗೆ 2023ರಲ್ಲಿ ಮೂರೂವರೆ ವರ್ಷ ಜೈಲಾಯಿತು. ದುಡ್ಡು ಕೊಟ್ಟ ಅಪ್ಪ ಅಮ್ಮಂದಿರೂ ಜೈಲಿಗೆ ಹೋದರು.

ಪತ್ರ ಕಳಿಸಿದ ಮೇಲೆ ಆ ಕಾಲೇಜನ್ನು ಮರೆತುಬಿಡಿ. ವಾರಕ್ಕೊಂದು ಪತ್ರ, ಹೊಸ ಹೊಸ ಶಿಫಾರಸು, ಗಿಫ್ಟು ಇವೆಲ್ಲ ಕಿರಿಕಿರಿಯೇ ಹೊರತು ಸಹಾಯವಲ್ಲ.

5. ಬಾ ಅಂದ ಕಾಲೇಜುಗಳನ್ನು ಹರವಿಕೊಂಡು ಕೂರಿ

ಏಪ್ರಿಲ್‌ನ ಮುಕ್ಕಾಲು ಪಾಲು ಇಲ್ಲೇ ಕಳೆಯಬೇಕು. ಒಂದೊಂದು ಕಾಲೇಜಿಗೆ ಒಂದೊಂದು ಹಾಳೆ ಮಾಡಿ.

ದುಡ್ಡಿನಿಂದ ಶುರು ಮಾಡಿ. ನೆರವಿನ ಪತ್ರದಲ್ಲಿ ಕೊನೆಗೆ ದಪ್ಪಕ್ಷರದಲ್ಲಿ ಒಂದು ಮೊತ್ತ ಇರುತ್ತದೆ. ಅದನ್ನು ನಂಬಬೇಡಿ, ಬಿಡಿಸಿ ನೋಡಿ. ಒಂದು ಉದಾಹರಣೆ ಹಾಕೋಣ. ವರ್ಷದ ಒಟ್ಟು ಖರ್ಚು 78,000 ಡಾಲರ್. ಪತ್ರದಲ್ಲಿ "ಒಟ್ಟು ನೆರವು 29,500" ಅಂತಿದೆ. ಬಿಡಿಸಿದರೆ ಗ್ರ್ಯಾಂಟ್ 15,000, ವಿದ್ಯಾರ್ಥಿ ಸಾಲ 5,500, ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿ ಗಳಿಸಬೇಕಾದದ್ದು 3,000, ಅಪ್ಪ ಅಮ್ಮ ತೆಗೆಯಬೇಕಾದ ಸಾಲ 6,000. ಗ್ರ್ಯಾಂಟ್ ಅಂದರೆ ವಾಪಸು ಕೊಡಬೇಕಿಲ್ಲದ ಹಣ. ನಿಜವಾದ ನೆರವು ಅದೊಂದೇ. ಹಾಗಾಗಿ ನಿಮ್ಮ ಮೇಲೆ ಬೀಳುವುದು 78,000ದಿಂದ 15,000 ಕಳೆದರೆ 63,000. ನಾಲ್ಕು ವರ್ಷಕ್ಕೆ 2,52,000, ಅದೂ ಫೀ ಏರದಿದ್ದರೆ. ಪಕ್ಕದ ಹಾಳೆಯಲ್ಲಿ ನಿಮ್ಮ ರಾಜ್ಯದ ವಿಶ್ವವಿದ್ಯಾಲಯ ಇದೆ, ಒಂದು ಪೈಸೆ ನೆರವಿಲ್ಲ, ವರ್ಷಕ್ಕೆ 32,000 ಅಂದುಕೊಳ್ಳಿ. ನಾಲ್ಕು ವರ್ಷಕ್ಕೆ 1,28,000. ನೆರವೇ ಕೊಡದ ಕಾಲೇಜು ಅರ್ಧ ಬೆಲೆಗೆ ಬಂತು. ಇದನ್ನು ಮಗುವಿನ ಎದುರಿಗೇ ಮಾಡಿ. ಹದಿನೇಳು ವರ್ಷದವರಿಗೆ ಲೆಕ್ಕ ಅರ್ಥವಾಗುತ್ತದೆ. ಅರ್ಥವಾಗದೇ ಇರುವುದು "ದುಡ್ಡಿನ ಚಿಂತೆ ನಿನಗೆ ಬೇಡ" ಅಂತ ಹೇಳಿ ಆಮೇಲೆ ನಾಲ್ಕು ವರ್ಷ ಮುಖ ಸಣ್ಣ ಮಾಡಿಕೊಂಡಿರುವುದು.

ಅಪ್ಪ ಅಮ್ಮನ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾದಲ್ಲಿರುವ ಮಕ್ಕಳಿಗೂ, ಭಾರತದಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೂ ಅಮೆರಿಕ ಸರ್ಕಾರದ ನೆರವು, ಸಾಲ ಸಿಗುವುದಿಲ್ಲ. ಕಾಲೇಜಿನ ಸ್ವಂತ ಹಣ ಸಿಗಬಹುದು. ಪೌರರಿಗೂ ಗ್ರೀನ್ ಕಾರ್ಡಿನವರಿಗೂ ಒಂದು ಹೊಸ ಮಿತಿ ಬಂದಿದೆ. 2026ರ ಜುಲೈ 1ರಿಂದ ಪೇರೆಂಟ್ ಪ್ಲಸ್, ಅಂದರೆ ಅಪ್ಪ ಅಮ್ಮಂದಿರಿಗೆ ಸರ್ಕಾರ ಕೊಡುವ ಸಾಲವನ್ನು ಹೊಸದಾಗಿ ತೆಗೆಯುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000 ಡಾಲರ್, ಒಟ್ಟು 65,000 ಡಾಲರ್ ಮಾತ್ರ. "ಉಳಿದದ್ದನ್ನು ಪ್ಲಸ್‌ನಲ್ಲಿ ಹೊಂದಿಸೋಣ" ಅನ್ನುವ ಹಳೇ ಲೆಕ್ಕ ಈಗ ನಡೆಯುವುದಿಲ್ಲ.

ನೆರವು ಸಾಲದಿದ್ದರೆ ಮತ್ತೆ ಕೇಳಬಹುದು. ಪ್ರವೇಶದ ಅಪೀಲಿಗಿಂತ ಇದು ಕೆಲಸ ಮಾಡುವ ಸಾಧ್ಯತೆ ಎಷ್ಟೋ ಜಾಸ್ತಿ, ಆದರೂ ಕೇಳುವವರು ಕಮ್ಮಿ. ಕೆಲಸ ಹೋಗಿದೆ, ಆಸ್ಪತ್ರೆ ಖರ್ಚು ಬಂದಿದೆ, ಅಂಥದ್ದೇ ಇನ್ನೊಂದು ಕಾಲೇಜು ಜಾಸ್ತಿ ಕೊಟ್ಟಿದೆ, ಇವೆಲ್ಲ ಸರಿಯಾದ ಕಾರಣಗಳು. ಕಾಗದಪತ್ರ ಜೊತೆಗಿಟ್ಟು ಮರ್ಯಾದೆಯಾಗಿ ಕೇಳಿ. ತರಕಾರಿ ಚೌಕಾಸಿಯ ಧಾಟಿ ಬೇಡ.

ಆಮೇಲೆ ಓದುವ ವಿಷಯ. "ಮೊದಲು ಒಳಗೆ ಹೋಗೋಣ, ಆಮೇಲೆ ಕಂಪ್ಯೂಟರ್ ಸೈನ್ಸಿಗೆ ಬದಲಿಸಿಕೊಂಡರಾಯ್ತು" ಅಂತ ಎಣಿಸಿ ಸಿಕ್ಕಿಹಾಕಿಕೊಂಡವರು ಬಹಳ. ಸಿಯಾಟಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮೊದಲೇ ಆ ವಿಷಯಕ್ಕೆ ಆಯ್ಕೆಯಾಗದವರಿಗೆ ಒಳಗಿನಿಂದ ಬದಲಿಸಿಕೊಳ್ಳುವುದು ತೀರಾ ಕಷ್ಟ, ಅದನ್ನು ಅವರೇ ಹೇಳುತ್ತಾರೆ. ಬೇರೆ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲೂ ಇಂಥ ಬೇಲಿಗಳಿವೆ. ಪ್ರವೇಶ ಪತ್ರದಲ್ಲಿ ಯಾವ ವಿಷಯ, ಯಾವ ಕಾಲೇಜು ಅಂತ ಬರೆದಿದೆ ಅನ್ನೋದನ್ನು ಎರಡು ಸಲ ಓದಿ. ವಿಭಾಗಕ್ಕೇ ಇಮೇಲ್ ಹಾಕಿ ಕೇಳಿ.

ಟಾಪರ್ ಮಕ್ಕಳು ಆನರ್ಸ್ ಕಾಲೇಜುಗಳನ್ನು ಕಡೆಗಣಿಸುವುದು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ದೊಡ್ಡ ವಿಶ್ವವಿದ್ಯಾಲಯದ ಒಳಗೇ ಇರುವ ಚಿಕ್ಕ ಕಾಲೇಜು ಇದು: ಚಿಕ್ಕ ಕ್ಲಾಸು, ಪ್ರೊಫೆಸರ್ ಜೊತೆ ಥೀಸಿಸ್, ಹಲವು ಕಡೆ ಕೋರ್ಸು ಆರಿಸಿಕೊಳ್ಳಲು ಮೊದಲ ಸರದಿ. ಅರಿಜೋನಾ ಸ್ಟೇಟಿನ ಬ್ಯಾರೆಟ್, ಪೆನ್ ಸ್ಟೇಟಿನ ಶ್ರೇಯರ್ ಹೀಗೆ ಹೆಸರು ಮಾಡಿದವು. ಶ್ರೇಯರ್‌ಗೆ ಈಗಾಗಲೇ ಪೆನ್ ಸ್ಟೇಟಿನಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಎಪಿ ಅಂಕಗಳಿಗೆ ಎಷ್ಟು ಕ್ರೆಡಿಟ್ ಕೊಡುತ್ತಾರೆ ಅಂತಲೂ ನೋಡಿ. ಸರ್ಕಾರಿ ವಿಶ್ವವಿದ್ಯಾಲಯಗಳು ಈ ವಿಷಯದಲ್ಲಿ ಕೈ ಬಿಚ್ಚಿ ಕೊಡುವುದೇ ಜಾಸ್ತಿ. ಒಂದು ಸೆಮಿಸ್ಟರ್ ಉಳಿದರೂ ಉಳಿತಾಯವೇ.

ಏಪ್ರಿಲ್‌ನಲ್ಲಿ ಹೆಚ್ಚಿನ ಕಾಲೇಜುಗಳು ಆಯ್ಕೆಯಾದವರಿಗೆ ಕ್ಯಾಂಪಸ್ ತೋರಿಸುವ ದಿನ ಇಟ್ಟಿರುತ್ತವೆ. ಹೋಗಲಾಗದಿದ್ದರೆ ಆನ್‌ಲೈನಿನಲ್ಲೂ ಇರುತ್ತದೆ. ಬಾವುಟ, ಟಿ-ಶರ್ಟು, ಉಚಿತ ಐಸ್‌ಕ್ರೀಂ ಎಲ್ಲ ಕಡೆಯೂ ಒಂದೇ. ಅಲ್ಲಿ ಓದುತ್ತಿರುವವರೊಬ್ಬರನ್ನು ಪಕ್ಕಕ್ಕೆ ಕರೆದು ಇಷ್ಟು ಕೇಳಲಿ: ಬೇಕಾದ ಯಾವ ಕ್ಲಾಸು ಸಿಗಲಿಲ್ಲ? ಪ್ರೊಫೆಸರ್ ಜೊತೆ ಕೊನೆಯ ಸಲ ಮಾತಾಡಿದ್ದು ಯಾವಾಗ? ಶನಿವಾರ ರಾತ್ರಿ ಏನು ಮಾಡ್ತೀರಾ? ಮೂರನೆಯದನ್ನು ಅಪ್ಪ ಅಮ್ಮ ಪಕ್ಕದಲ್ಲಿ ಇಲ್ಲದಿರುವಾಗ ಕೇಳಬೇಕು.

ಸರಿ, ಹೆಸರಿನಿಂದ ಏನೂ ಆಗೋದಿಲ್ವಾ? ಪೂರ್ತಿ ಹಾಗೂ ಅಲ್ಲ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಥರದ ಕಾಲೇಜುಗಳಿಗೆ ಅರ್ಜಿ ಹಾಕಿ ಒಂದೇ ಥರ ಆಯ್ಕೆಯಾದವರನ್ನು ಹೋಲಿಸಿದರೆ, ದೊಡ್ಡ ಹೆಸರಿನ ಕಡೆ ಸೇರಿದವರಿಗೂ ಅಷ್ಟೇನೂ ಹೆಸರಿಲ್ಲದ ಕಡೆ ಸೇರಿದವರಿಗೂ ಮುಂದೆ ಬಂದ ಸಂಬಳದಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಬಡ ಕುಟುಂಬದಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಕಂಡಿತು. ಚೆಟ್ಟಿಯವರ 2023ರ ಅಧ್ಯಯನ ವೇಟ್‌ಲಿಸ್ಟಿನಲ್ಲಿದ್ದವರನ್ನೇ ಹಿಂಬಾಲಿಸಿತು. ಒಳಗೆ ಹೋದವರಿಗೂ ಹೋಗದೆ ರಾಜ್ಯದ ಮುಖ್ಯ ವಿಶ್ವವಿದ್ಯಾಲಯ ಸೇರಿದವರಿಗೂ ಸರಾಸರಿ ಆದಾಯದಲ್ಲಿ ಅಂಥ ಫರಕು ಇಲ್ಲ. ಆದರೆ ಅತಿ ಹೆಚ್ಚು ಗಳಿಸುವ ಶೇಕಡಾ 1ರೊಳಗೆ ಹೋಗುವ ಸಾಧ್ಯತೆ ಒಳಗೆ ಹೋದವರಿಗೆ ಒಂದೂವರೆ ಪಟ್ಟು. ವಾಲ್ ಸ್ಟ್ರೀಟೇ ಗುರಿಯಾದರೆ ಹೆಸರಿಗೆ ಬೆಲೆ ಇದೆ. ಒಳ್ಳೇ ಎಂಜಿನಿಯರ್, ಡಾಕ್ಟರ್, ವಿಜ್ಞಾನಿ ಆಗಬೇಕು ಅಂದರೆ ಅದಕ್ಕಾಗಿ ಮನೆ ಅಡ ಇಡಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

6. ಗ್ಯಾಪ್ ಇಯರ್ ಅಥವಾ ಟ್ರಾನ್ಸ್‌ಫರ್: ಹುಷಾರಾಗಿ

ಗ್ಯಾಪ್ ಇಯರ್ ಅಂದರೆ ಒಂದು ವರ್ಷ ಕಾಲೇಜು ಸೇರದೆ ಮತ್ತೆ ಅರ್ಜಿ ಹಾಕುವುದು. ಪಟ್ಟಿಯೇ ತಪ್ಪಾಗಿದ್ದರೆ, ಅಥವಾ ಆ ವರ್ಷದಲ್ಲಿ ಮಾಡಲು ನಿಜವಾದ ಕೆಲಸ ಇದ್ದರೆ ಸರಿ. ಎಸ್‌ಎಟಿ 1560ನ್ನು 1580 ಮಾಡಲು ಒಂದು ವರ್ಷ ಕೂರುವುದು ವ್ಯರ್ಥ. ಅದೇ ಫೈಲು, ಅದೇ ಉತ್ತರ. ಈ ವರ್ಷದಲ್ಲಿ ಎಲ್ಲಾದರೂ ಪದವಿಗೆ ಸೇರಿದರೆ ಹೆಚ್ಚಿನ ಕಡೆ ನಿಮ್ಮನ್ನು ಟ್ರಾನ್ಸ್‌ಫರ್ ಅರ್ಜಿದಾರ ಅಂತಲೇ ನೋಡುತ್ತಾರೆ. ಸೇರುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿ ಅಂತ ಬಾ ಅಂದ ಕಾಲೇಜನ್ನು ಕೇಳಬಹುದು, ಆದರೆ ಆ ವರ್ಷ ಬೇರೆಡೆ ಅರ್ಜಿ ಹಾಕುವಂತಿಲ್ಲ ಅನ್ನೋ ಷರತ್ತು ಸಾಮಾನ್ಯ. ಎಚ್-4 ಮಕ್ಕಳು ಇನ್ನೊಂದನ್ನೂ ನೋಡಬೇಕು: 21 ತುಂಬಿದರೆ ಆ ವೀಸಾ ಮುಗಿಯುತ್ತದೆ, ಬೇರೆ ವೀಸಾಕ್ಕೆ ಬದಲಿಸಿಕೊಳ್ಳಬೇಕು.

ಟ್ರಾನ್ಸ್‌ಫರ್ ಅಂದರೆ ಒಂದೆರಡು ವರ್ಷ ಓದಿ ಬೇರೆ ಕಾಲೇಜಿಗೆ ಹೋಗುವುದು. ಕ್ಯಾಲಿಫೋರ್ನಿಯಾದವರಿಗೆ ಇದು ನಿಜವಾಗಿಯೂ ಒಳ್ಳೇ ದಾರಿ. ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ನಿಗದಿತ ಕೋರ್ಸು, ಗ್ರೇಡು ಮುಗಿಸಿದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಎಂಬ ಆರು ಯುಸಿ ಕ್ಯಾಂಪಸ್ಸುಗಳಲ್ಲಿ ಒಂದಕ್ಕೆ ಖಾತ್ರಿ ಪ್ರವೇಶದ ಒಪ್ಪಂದ ಮಾಡಿಕೊಳ್ಳಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೆಗೊ ಆ ಪಟ್ಟಿಯಲ್ಲಿಲ್ಲ. ಕೆಲವು ವಿಷಯಗಳನ್ನೂ ಹೊರಗಿಟ್ಟಿರುತ್ತಾರೆ, ಮೊದಲೇ ನೋಡಿಕೊಳ್ಳಿ.

ಟ್ರಾನ್ಸ್‌ಫರ್ ಆಗೇ ಆಗುತ್ತೆ ಅಂತ ನಂಬಿಕೊಂಡು ಮಾತ್ರ ಯಾವ ಕಾಲೇಜನ್ನೂ ಸೇರಬೇಡಿ. ಪೆಟ್ಟಿಗೆ ಬಿಚ್ಚದೆ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ ಮೊದಲ ವರ್ಷ ಕಳೆದವರಿಗೆ ಸ್ನೇಹಿತರೂ ಆಗುವುದಿಲ್ಲ, ಶಿಫಾರಸು ಬರೆಯುವಷ್ಟು ಪರಿಚಯದ ಪ್ರೊಫೆಸರೂ ಸಿಗುವುದಿಲ್ಲ. ಟ್ರಾನ್ಸ್‌ಫರ್‌ಗೆ ಬೇಕಾದದ್ದು ಆ ಶಿಫಾರಸೇ.

ಒಂದೂ ಕಡೆ ಸಿಗದೇ ಇದ್ದರೆ? ಮೇ ಮೊದಲ ವಾರದ ಹೊತ್ತಿಗೆ ಎನ್‌ಎಸಿಎಸಿ ಎಂಬ ಪ್ರವೇಶ ಕೌನ್ಸೆಲರುಗಳ ಸಂಘ ಇನ್ನೂ ಸೀಟು, ಹಾಸ್ಟೆಲು, ನೆರವು ಉಳಿದಿರುವ ಕಾಲೇಜುಗಳ ಪಟ್ಟಿ ಹಾಕುತ್ತದೆ. ಅದರಲ್ಲಿ ನೂರಾರು ಹೆಸರು ಇರುತ್ತವೆ. ಕೌನ್ಸೆಲರ್ ಜೊತೆ ಕೂತು ನೋಡಿ.

7. ಮೇ 1 ಮತ್ತು ಆಮೇಲೆ

ಒಂದೇ ಕಾಲೇಜಿಗೆ ಡಿಪಾಸಿಟ್ ಕಟ್ಟಿ. ಎರಡು ಕಡೆ ಕಟ್ಟಿಟ್ಟು ನೋಡೋಣ ಅನ್ನೋದು ಗೊತ್ತಾದರೆ ಎರಡೂ ಹೋಗಬಹುದು. ವೇಟ್‌ಲಿಸ್ಟಿನಲ್ಲಿ ಉಳಿದುಕೊಂಡು ಇನ್ನೊಂದು ಕಡೆ ಡಿಪಾಸಿಟ್ ಕಟ್ಟುವುದು ತಪ್ಪಲ್ಲ, ಅದು ಕಟ್ಟಲೇಬೇಕಾದದ್ದು. ಕೊನೆಯ ಗಂಟೆ ಯಾವ ಊರಿನ ಗಡಿಯಾರದ್ದು ಅಂತ ನೋಡಿ. ಭಾರತದಲ್ಲಿದ್ದರೆ ಒಂದು ದಿನ ಮೊದಲೇ ಕಟ್ಟಿಬಿಡಿ, ಕಾರ್ಡು ಅಡ್ಡ ಬರುವುದು ಯಾವಾಗಲೂ ಕೊನೆಯ ರಾತ್ರಿಯೇ.

ಸ್ಕೂಲಿನ ಕೊನೆಯ ತಿಂಗಳಲ್ಲಿ ಮಗು ಕೈಚೆಲ್ಲಿ ಕೂರದಂತೆ ನೋಡಿಕೊಳ್ಳಿ. ಅಂತಿಮ ಟ್ರಾನ್ಸ್‌ಕ್ರಿಪ್ಟ್ ಕಾಲೇಜಿಗೆ ಹೋಗುತ್ತದೆ. ಗ್ರೇಡು ತೀರಾ ಬಿದ್ದರೆ ಕೊಟ್ಟ ಸೀಟನ್ನು ವಾಪಸು ಪಡೆಯಬಹುದು.

ಕೊನೆಗೆ ಒಂದು ಚೀಟಿ. ಡಿಪಾಸಿಟ್ ಕಟ್ಟಿದ ದಿನವೇ ಮನೆಯವರೆಲ್ಲ ಕೂತು ಬರೆದಿಡಿ: ವೇಟ್‌ಲಿಸ್ಟಿನಿಂದ ಕರೆ ಬಂದರೆ, ವರ್ಷಕ್ಕೆ ಎಷ್ಟು ಡಾಲರಿನ ಒಳಗಿದ್ದರೆ ಹೋಗುವುದು? ಫ್ರಿಜ್ಜಿಗೆ ಅಂಟಿಸಿ. ಆ ಕರೆ ಬಂದರೆ ಮೇ ಅಥವಾ ಜೂನಿನಲ್ಲಿ, ಯಾವುದೋ ಮಂಗಳವಾರ ಮಧ್ಯಾಹ್ನ ಬರುತ್ತದೆ. ಉತ್ತರಕ್ಕೆ ಎರಡು ಮೂರು ದಿನ ಕೊಟ್ಟರೆ ಹೆಚ್ಚು. ಎಲ್ಲರ ಎದೆಯೂ ಹೊಡೆದುಕೊಳ್ಳುತ್ತಿರುತ್ತದೆ, ಲೆಕ್ಕ ಹಾಕುವ ಹೊತ್ತಲ್ಲ ಅದು. ಹೌದು ಅನ್ನುವ ಮೊದಲು ನೆರವಿನ ಪತ್ರ ಕೇಳಿ ಪಡೆಯಿರಿ. ಮೊದಲು ಕಟ್ಟಿದ ಡಿಪಾಸಿಟ್ ವಾಪಸು ಬರುವುದಿಲ್ಲ, ಅದನ್ನೂ ಕೂಡಿಸಿ. ಭಾರತದಿಂದ ಹೋಗುವವರು ಹೊಸ ಐ-20 (ವೀಸಾಕ್ಕೆ ಕಾಲೇಜು ಕೊಡುವ ಫಾರಂ) ಬಂದು ವೀಸಾ ಸಂದರ್ಶನ ಸಿಗುವಷ್ಟು ದಿನ ಉಳಿದಿದೆಯಾ ಅಂತ ಎಣಿಸಿ. ಚೀಟಿಯ ಮೊತ್ತ ದಾಟಿದ್ದರೆ ಪೋರ್ಟಲಿಗೆ ಹೋಗಿ 'ಬೇಡ' ಒತ್ತಿ. ಸುಮ್ನೆ ಬಿಡಬೇಡಿ, ಆ ರಾಶಿಯಲ್ಲಿ ಇನ್ನೂ ಮಕ್ಕಳು ಕಾಯುತ್ತಿರುತ್ತಾರೆ.